ಹಾಲು ಕುಡಿದ ಗೋಡೆ

ಡಾ. ಇಂದುಧರ ಹೊಸಮನಿ ಉಳಿಯಿಂದ ಗೋಡೆಗೆ ಗೀರು ಹಾಕಿ, ಅದರ ಮೇಲೆ ಒಂದು ಲೋಟ ನೀರು ಸುರಿದರು. ಧಾರವಾಡದ ಹೊರಗೆ, 2061ರಲ್ಲಿ ಎದ್ದ ಆ ಬಡಾವಣೆಯ ಗೃಹಪ್ರವೇಶಕ್ಕೆ ಬಂದ ಜನ ನೋಡುತ್ತಿದ್ದಂತೆ ಗೀರು ತಾನಾಗಿ ಮುಚ್ಚಿಕೊಂಡಿತು.

ಇಟ್ಟಿಗೆಯೊಳಗೆ ಸೂಕ್ಷ್ಮಜೀವಿಗಳಿದ್ದವು. ತೇವ ತಾಗಿದರೆ ಎಚ್ಚೆತ್ತು, ಸುಣ್ಣದ ಅಂಶ ಬಳಸಿ ಕಲ್ಲು ಕಟ್ಟುತ್ತಿದ್ದವು. ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆಯ ಸಣ್ಣ ನಾಳಗಳು ತೇವವನ್ನು ಗೋಡೆಯಿಂದ ಗೋಡೆಗೆ, ಮನೆಯಿಂದ ಮನೆಗೆ ಸಾಗಿಸುತ್ತಿದ್ದವು. ನೆಲ, ಗಾಳಿಯಾಡುವ ಜಾಲರಿ, ಕೊನೆಗೆ ಬಾಗಿಲು ಕೂಡ ಆ ಇಟ್ಟಿಗೆಯದೇ. ಮರ ಕಡಿಯದೆ ಕಟ್ಟಿದ ಊರೆಂದು ಇಂದುಧರರಿಗೆ ಹೆಮ್ಮೆ; ತುಸು ಹೆಚ್ಚೇ ಇತ್ತು.

ಮೊದಲ ಮನೆ ಚನ್ನವೀರನದು. ಹಾಲು ಉಕ್ಕಿದಷ್ಟೂ ಏಳಿಗೆ ಎಂದು ಅವನು ಕೊಳಗದ ತುಂಬ ಹಾಲಿಟ್ಟು ಬೆಲ್ಲ ಹಾಕಿದ. ಹಾಲು ಉಕ್ಕಿ ನೆಲಕ್ಕೆ ಹರಿಯಿತು, ಎಲ್ಲರೂ ಕೈಮುಗಿದರು. ನೆಲ ಅದನ್ನು ಹೀರಿಕೊಂಡದ್ದು ಯಾರ ಗಮನಕ್ಕೂ ಬರಲಿಲ್ಲ.

ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಶಿವಲೀಲಾ ಬಾಗಿಲು ಮುಚ್ಚಿಕೊಂಡು ಕೂಸಿಗೆ ಮೊಲೆಯೂಡಿಸುತ್ತಿದ್ದಳು.

“ಬಾಗ್ಲಾ ತೆರೀವಲ್ದು ನೋಡ್ರಿ,” ಎಂದು ಒಳಗಿನಿಂದ ಕರೆದಳು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದು ಕೂಗಿದಳು. “ಜಾಲರಿ ತೂತೆಲ್ಲಾ ಮುಚ್ಚಾಕತ್ತಾವ. ಕತ್ತಲಾಗಾಕತ್ತೈತಿ.”

ಚನ್ನವೀರ ಹಾರೆಯಿಂದ ಬಾಗಿಲಿಗೆ ಬಡಿದ. ಚಕ್ಕೆ ಎದ್ದಲ್ಲೆಲ್ಲ ಮೊದಲಿಗಿಂತ ದಪ್ಪವಾಗಿ ತುಂಬಿಕೊಂಡಿತು.

“ಬಡೀಬ್ಯಾಡ್ರಿ,” ಇಂದುಧರ ಅವನ ಕೈ ಹಿಡಿದರು. “ಬಡಿದಷ್ಟೂ ಅದಕ್ಕ ಹೊಸ ಬಿರುಕು ಸಿಕ್ಕಂಗ.”

“ಮತ್ತೇನ್ ಮಾಡೂಣು? ನೀವ ಕಟ್ಟಿದ್ದಲ್ರಿ ಇದು?”

ಇಂದುಧರ ಬಗ್ಗಿ ನೆಲ ಮುಟ್ಟಿದರು; ಉಕ್ಕಿದ ಹಾಲು ಅಲ್ಲಿರಲಿಲ್ಲ. ಬರೀ ನೀರಿಗೆ ಕೂದಲೆಳೆಯಂಥ ಗೀರು ಮಾತ್ರ ಕೂಡುತ್ತಿತ್ತು. ಹಾಲಿನ ಸುಣ್ಣ, ಬೆಲ್ಲದ ಸಕ್ಕರೆ ಎರಡೂ ಒಟ್ಟಿಗೆ ಸಿಕ್ಕರೆ ಸೂಕ್ಷ್ಮಜೀವಿಗಳು ಬಾಗಿಲ ಸಂದನ್ನೂ ಬಿರುಕೆಂದೇ ಎಣಿಸುತ್ತವೆಂದು ಅವರಿಗೆ ಹೊಳೆದಿರಲಿಲ್ಲ. ಸಾಲದ್ದಕ್ಕೆ ಆ ಜೀವಿಗಳೂ ಉಸಿರಾಡುತ್ತವೆ. ಕೋಣೆಯ ಗಾಳಿಯನ್ನು ಅವೇ ಮುಗಿಸುತ್ತಿದ್ದವು.

ಹುಳಿಗೆ ಸುಣ್ಣ ಕರಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಸುರಿದರೆ ಅದರ ಹೊಗೆಯೇ ಕೂಸಿಗೆ ಕಂಟಕ. ಹಿತ್ತಲಲ್ಲಿ ನೂರಾರು ಜನರ ಊಟಕ್ಕೆ ಹುಣಸೆಹಣ್ಣು ನೆನೆಸಿಟ್ಟಿದ್ದರು. ಆದರೆ ಹುಳಿ ಅವೇ ನಾಳಗಳಲ್ಲಿ ಹರಿದು ಇಡೀ ಬಡಾವಣೆಯ ಗೋಡೆಗಳನ್ನು ಕೊಲ್ಲುತ್ತದೆ. ಅದು ಇಂದುಧರರ ಅರ್ಧ ಆಯುಷ್ಯದ ದುಡಿಮೆ. ಒಳಗೆ ಕೂಸಿನ ಅಳು ಕ್ಷೀಣವಾಯಿತು.

“ಹುಣಸಿ ರಸ ತರ್ರಿ,” ಎಂದರು ಇಂದುಧರ. “ಇದ್ದಷ್ಟೂ ತರ್ರಿ.”

ಜನ ಸಾಲಾಗಿ ನಿಂತು ಕೊಡ ದಾಟಿಸಿದರು. ಸಂದಿನಲ್ಲಿ ನೊರೆ ಎದ್ದಿತು. ಎಷ್ಟು ಸುರಿದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಕೊನೆಯ ಕೊಡ ಖಾಲಿಯಾದಾಗ ಚನ್ನವೀರ ಹಾರೆ ತೂರಿಸಿ ಮೀಟಿದ. ಬಾಗಿಲು ಕಳಚಿ ಬಿತ್ತು. ಬೆವರಲ್ಲಿ ತೊಯ್ದ ಶಿವಲೀಲಾ ಕೂಸನ್ನು ಅವಚಿ ತೆವಳಿಕೊಂಡೇ ಹೊರಗೆ ಬಂದಳು. ಗಾಳಿ ತಾಗಿದ ಕೂಸು ಒಮ್ಮೆ ಬಿಕ್ಕಿ, ಗಟ್ಟಿಯಾಗಿ ಅತ್ತಿತು. ಇಂದುಧರ ಅಲ್ಲೇ ನೆಲದ ಮೇಲೆ ಕುಸಿದು ತಾವೂ ಅತ್ತರು.

ಗೋಡೆಗಳು ಸತ್ತವು. ಬಡಾವಣೆಯನ್ನು ಹೊಸದಾಗಿ ಕಟ್ಟುವ ನಕ್ಷೆಯ ಸಭೆಗೆ ಇಂದುಧರ ಶಿವಲೀಲಾಳನ್ನೂ ಕರೆದರು. ಅವಳು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ನಕ್ಷೆಯನ್ನು ಬಹಳ ಹೊತ್ತು ನೋಡಿದಳು.

“ಗ್ವಾಡಿ ಎಷ್ಟು ಭಾರ ತಡೀತೈತಿ, ಎಷ್ಟು ಬಿಸಲು ತಡೀತೈತಿ, ಎಲ್ಲಾ ನೋಡೀರಿ. ಮನಿ ಹೊಕ್ಕ ದಿನ ನಾವೇನ್ ಮಾಡ್ತೀವಂತ ಒಬ್ರೂ ಕೇಳ್ಲಿಲ್ಲಲ್ರಿ ಸರ್.”

ಇಂದುಧರರಾದರೂ ಕೂತು ಕೇಳಿದರು. ಇವತ್ತು ನಮ್ಮ ಮನೆಗಳ ನಕ್ಷೆ ಬರೆಯುವವರಿಗೆ ಗಾಳಿ, ಬೆಳಕು, ವಾಸ್ತು ಎಲ್ಲವೂ ಗೊತ್ತು. ಒಳಗೆ ಬದುಕುವವರನ್ನು ಮಾತಾಡಿಸಲು ಬಾಗಿಲು ಕೂಡಿಕೊಳ್ಳುವವರೆಗೂ ಕಾಯುತ್ತಾರೆ.