ಇನ್ನೊಂದು ಚೆಂಡು

ಹೇಳಿದರೆ ನಕ್ಕುಬಿಡುತ್ತಾಳೋ? ನಕ್ಕರೂ ಪರವಾಗಿಲ್ಲ, ಪಕ್ಕದ ಕುರ್ಚಿ ಬಿಟ್ಟು ಎದ್ದುಹೋದರೆ? ಅಥವಾ ಈಗಾಗಲೇ ತಡವಾಗಿದೆಯೋ?

"ಪೃಥ್ವಿ, ಮಾತಾಡು ಮಾರಾಯ! ರೇಡಿಯೊ ಸತ್ತೇಹೋಯ್ತು ಅಂತ ಊರಲ್ಲಿ ಆಫ್ ಮಾಡ್ತಾರೆ." ಆನ್‌ಲೈನ್ ರೇಡಿಯೊ ನಡೆಸುವ ಕಜೆತಾನ್ ಹಿಂದಿನಿಂದ ತಿವಿದ.

ಪೃಥ್ವಿರಾಜ್ ಬೆಚ್ಚಿ ಮೈಕ್ ಎಳೆದುಕೊಂಡ. "ನೋ-ಬಾಲ್! ಅಂಪೈರ್ ಕೈ ಅಡ್ಡಕ್ಕೆ ಚಾಚಿದ್ದಾರೆ. ಈ ಚೆಂಡು ಲೆಕ್ಕಕ್ಕಿಲ್ಲ ಬಂಧುಗಳೇ, ಇನ್ನೊಂದು ಹಾಕಲೇಬೇಕು!"

ಪಕ್ಕದಲ್ಲಿ ಸ್ಕೋರ್ ಬರೆಯುವ ಸುಪ್ರೀತಾ ಪೆನ್ಸಿಲ್ ಹಿಡಿದ ಕೈಯನ್ನು ಮೇಲೆತ್ತಿದಳು. ಬರೆದುಕೊಂಡೆ ಎಂದು ಅರ್ಥ. ಆ ಕೈ ಏಳುವವರೆಗೆ ಮುಂದಿನ ಚೆಂಡು ಬೀಳುವುದಿಲ್ಲ.

ಐದು ವರ್ಷಗಳ ಹಿಂದೆ, ೨೦೧೧ರಲ್ಲಿ, ಉಡುಪಿಯ ಮೈದಾನಗಳಲ್ಲಿ ಪೃಥ್ವಿರಾಜ್ ಓಡಿಬಂದರೆ ಬ್ಯಾಟ್ ಹಿಡಿದವರು ಕ್ರೀಸಿನಲ್ಲೇ ಹಿಂದೆ ಸರಿಯುತ್ತಿದ್ದರು. ಪೆಟ್ಟಾದ ಮೇಲೆ ಅವನ ಬಲಗೈ ಭುಜಕ್ಕಿಂತ ಮೇಲೇಳುವುದಿಲ್ಲ. ಈಗ ವಾರವಿಡೀ ದುಬೈಯ ಅಲ್ ಬರ್ಷಾದಲ್ಲಿ ಆಫೀಸು. ಶುಕ್ರವಾರ ಮಾತ್ರ ಅವನ ಧ್ವನಿ ಓಡಿಬರುತ್ತದೆ.

ಹಮ್ದಾನ್ ಸ್ಟ್ರೀಟಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಸುಪ್ರೀತಾ, ಅಣ್ಣ ಧರ್ಮಪಾಲನ ಕಾರಿನಲ್ಲಿ ಅಬುಧಾಬಿಯಿಂದ ದುಬೈಗೆ ಬರುವುದೂ ಶುಕ್ರವಾರವೇ.

ಕೊನೆಯ ಓವರಿಗೆ ಮೊದಲು ಜಾಹೀರಾತಿಗಾಗಿ ಮೈಕ್ ಆಫ್ ಆಯಿತು.

"ಮಸ್ಕತ್ತಿನ ಹುಡುಗನಿಗೆ ಇವತ್ತೇ ಉತ್ತರ ಕೊಡ್ಬೇಕಂತೆ," ಅವಳು ಪೆನ್ಸಿಲ್ ಕೆತ್ತುತ್ತ ಹೇಳಿದಳು. "ಮ್ಯಾಚ್ ಮುಗಿಯುವವರೆಗೆ ಅಣ್ಣ ಟೈಮ್ ಕೊಟ್ಟಿದ್ದಾನೆ."

"ಹುಡುಗ... ಹೇಗೆ?"

"ಒಳ್ಳೆಯವನೇ. ಮಾತು ಕಡಿಮೆ." ಓರೆಗಣ್ಣಿನಲ್ಲಿ ನೋಡಿದಳು. "ನೀವೆಂತ ಹೇಳ್ತೀರಿ?"

"ನಾನು ಎಂತ ಹೇಳುವುದು?"

"ಮೂರು ಗಂಟೆಯಿಂದ ಹೇಳ್ತಾನೇ ಇದ್ದೀರಲ್ಲ ಮಾರ್ರೆ!"

ಕಜೆತಾನ್ ಬೆರಳೆತ್ತಿದ. ಮೈಕ್ ಆನ್.

ಆರು ಚೆಂಡು, ಒಂಬತ್ತು ರನ್. ಪೃಥ್ವಿರಾಜನ ಗಂಟಲಲ್ಲಿ ಇಡೀ ಮೈದಾನ ಕುಣಿಯಿತು. ಅಂಪೈರ್ ಮಾಡಿದ ಪ್ರತಿ ಸನ್ನೆಗೂ ಅವಳ ಕೈ ಮೇಲೆದ್ದಿತು. ಕೊನೆಯ ಚೆಂಡಿಗೆ ಎರಡು ರನ್ ಬೇಕು. "ಬಂದ... ಹಾಕಿದ... ಬೌಲ್ಡ್! ವಿಕೆಟ್ ಗಾಳಿಯಲ್ಲಿ, ಬೌಲರ್ ಮರಳಿನ ಮೇಲೆ, ನಾವೆಲ್ಲ ಮುಗಿಲ ಮೇಲೆ!"

"ಖಲಾಸ್!" ಮೈಕ್ ಕಿತ್ತುಕೊಂಡು ಕಜೆತಾನ್ ಗೆದ್ದವರತ್ತ ಓಡಿದ.

ಸುಪ್ರೀತಾ ಪುಟದ ಕೆಳಗೆ ಗೆರೆ ಎಳೆದಳು. ಪುಸ್ತಕ ಮುಚ್ಚಿ ಬ್ಯಾಗು ಹೆಗಲಿಗೇರಿಸಿದಳು. ಒಂದು ಕ್ಷಣ ಕಾದಳು. ಮತ್ತೊಂದು ಕ್ಷಣವೂ.

"ಸುಪ್ರೀ, ಯಲ್ಲಾ, ಹೊರಡುವ! ಅವರಿಗೆ ಎಂತ ಹೇಳ್ಲಿ?" ಕಾರಿನ ಬಳಿಯಿಂದ ಧರ್ಮಪಾಲ ಕೂಗಿದ.

ಅವಳು ತಿರುಗಿ ಎರಡು ಹೆಜ್ಜೆ ನಡೆದಳು.

ಪೃಥ್ವಿರಾಜ್ ಬಾಯಿ ತೆರೆದ. ಬಲಗೈ ಮಾತ್ರ ತಾನಾಗಿ ಎದ್ದು, ಭುಜದ ಮಟ್ಟದಲ್ಲಿ ಅವಳತ್ತ ನೇರ ಚಾಚಿ ನಿಂತಿತು.

ಅವಳು ಹಿಂದಿರುಗಿ ನೋಡಿದಳು. ಕೈಯನ್ನು. ಅವನ ಮುಖವನ್ನು. ಮತ್ತೆ ಕೈಯನ್ನು. ತುಟಿಯಂಚು ನಿಧಾನವಾಗಿ ಅರಳಿತು.

"ನೋ-ಬಾಲಾ?"

ಅವನು ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ಓವರ್ ಮುಗಿಯಲಿಲ್ಲ. ಇನ್ನೊಂದು ಚೆಂಡು ಉಂಟು."

ಸುಪ್ರೀತಾ ಪೆನ್ಸಿಲ್ ಹಿಡಿದ ಕೈಯನ್ನು ಮೇಲೆತ್ತಿದಳು. ಬರೆದುಕೊಂಡೆ. ಆಮೇಲೆ ಅದೇ ಕೈಯನ್ನು ಇಳಿಸಿ, ಚಾಚಿದ ಆ ಅಂಗೈಯೊಳಗೆ ಇಟ್ಟಳು.

"ಅಣ್ಣಾ, ಮಸ್ಕತ್ತಿಗೆ ಬೇಡ ಅಂತ ಹೇಳು!"

ಅದು ನೋ-ಬಾಲ್ ಆಗಿರಲಿಲ್ಲ, ಹೋಗಬೇಡ ಎಂದು ಕೈ ಚಾಚಿದ್ದಷ್ಟೇ ಎಂಬುದನ್ನು ಪೃಥ್ವಿರಾಜ್ ಅವಳಿಗೆ ಎಂದೂ ಹೇಳಲಿಲ್ಲ.