ಗುಂಯ್‌ಗುಡದ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಠಾಣೆಗೆ ಬಂದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಆಕೆ ದರ್ಜಿ. ಹಿಂದಿನ ಸಂಜೆ ಆಸ್ಪತ್ರೆಯಿಂದ ಫೋನ್ ಬಂದಾಗ ಗಿರಾಕಿಯೊಬ್ಬರ ಕೋಟಿಗೆ ಅಳತೆ ತೆಗೆಯುತ್ತಿದ್ದವಳು ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿದ್ದಳು. ಅಲ್ಲಿಂದ ಬೆಳಗಿನವರೆಗೂ ಐಸಿಯು ಬಾಗಿಲಲ್ಲಿ ಕೂತಿದ್ದಳು. ಕೊರಳಲ್ಲಿ ಟೇಪು ಇದೆ ಅಂತ ಅವಳಿಗೇ ಗೊತ್ತಿರಲಿಲ್ಲ.

"ನನ್ನ ತಂಗಿಗೆ ಕರೆಂಟ್ ಹೊಡೆದಿದೆ, ಮೇಡಂ. ಹಾಡ್ತಾ ಇದ್ದಾಗ. ಅದು ತಾನಾಗೇ ಆಗಿದ್ದಲ್ಲ."

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. "ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ನೇರ ಅವರ ಮನೆಗೇ ಹೋಗ್ತಿದ್ದೆ."

ತಂಗಿ ಹಗಲು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ತಾನೇ ಹಾಡು ಬರೆದು, ರಾಗ ಹಾಕಿ, ವಾರಕ್ಕೊಮ್ಮೆ ಸಣ್ಣಪುಟ್ಟ ಜಾಗಗಳಲ್ಲಿ ಗಿಟಾರ್ ನುಡಿಸಿಕೊಂಡು ಹಾಡುತ್ತಿದ್ದಳು. ಶನಿವಾರ ಸಂಜೆ ಏಳರ ಸುಮಾರಿಗೆ, ಚಪ್ಪಲಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಹಾಡುತ್ತ ಹಾಡುತ್ತಲೇ ಕುಸಿದು ಬಿದ್ದಿದ್ದಳು. ತುಟಿ ಸುಟ್ಟಿತ್ತು, ತಂತಿ ಒತ್ತಿದ್ದ ಬೆರಳುಗಳೂ ಸುಟ್ಟಿದ್ದವು. ಈಗ ಯಂತ್ರದ ಉಸಿರು. ನಾಳೆ ಬೆಳಗಿನವರೆಗೆ ಏನೂ ಹೇಳೋಕಾಗಲ್ಲ ಎಂದಿದ್ದರು ಡಾಕ್ಟರು.

ಎಫ್‌ಐಆರ್ ದಾಖಲಾಯಿತು. ಅಜಾಗರೂಕತೆಯಿಂದ ಪ್ರಾಣಕ್ಕೆ ಅಪಾಯ ತಂದ ಆರೋಪ, ಆರೋಪಿ ಅಪರಿಚಿತ. ಹುಡುಗಿ ಉಳಿದರೆ ಆ ಕಲಮೇ ನಿಲ್ಲುತ್ತದೆ, ಉಳಿಯದಿದ್ದರೆ ಇನ್ನೊಂದು ಸೇರುತ್ತದೆ. ಬರೆಯುವ ಪೇದೆ ಅನುಭವಸ್ಥ. ತನ್ನ ಟಿಪ್ಪಣಿ ಹಾಳೆಯಲ್ಲಿ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟ. ಆ ಖಾಲಿ ಜಾಗ ಕಣ್ಣಿಗೆ ಬೀಳದಂತೆ ಇನ್ಸ್‌ಪೆಕ್ಟರ್ ಹಾಳೆಯನ್ನು ಮಗುಚಿಟ್ಟರು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ನೆಲಮಾಳಿಗೆಯ ಬೀಗ ತೆಗೆಯಲು ಅದನ್ನು ನಡೆಸುತ್ತಿದ್ದವನನ್ನೇ ಆಸ್ಪತ್ರೆಯಿಂದ ಕರೆತರಬೇಕಾಯಿತು. ಅವನೂ ರಾತ್ರಿಯಿಡೀ ಅಲ್ಲೇ ಕೂತಿದ್ದ. ನಲವತ್ತೈದರ ಆಸುಪಾಸು, ಬಡಕಲು ಮೈ. ಎಲ್ಲರೂ ಅವನನ್ನು ಉಶ್ಶಣ್ಣ ಎನ್ನುತ್ತಿದ್ದರು. ಕಾರ್ಯಕ್ರಮ ನಡೆಯುವಾಗ ಯಾರು ಪಿಟಿಕ್ ಎಂದರೂ ತುಟಿಯ ಮೇಲೆ ಬೆರಳಿಟ್ಟು "ಉಶ್" ಎನ್ನುವುದು ಅವನ ಅಭ್ಯಾಸವಂತೆ.

ಕೋಣೆ ನೋಡಿ ಜೊತೆಗೆ ಬಂದಿದ್ದ ದಫೇದಾರ ಬೆರಗಾದ. ನಲವತ್ತು ಕುರ್ಚಿ, ಪ್ರತಿ ಕಾಲಿಗೂ ಬಟ್ಟೆಯ ಬಿಲ್ಲೆ ಅಂಟಿಸಿದೆ. ಬಾಗಿಲ ಕೀಲುಗಳಿಗೆ ಎಣ್ಣೆ ಸುರಿದೂ ಸುರಿದೂ ಕೆಳಗೆ ಕಲೆಯಾಗಿದೆ. ಫ್ಯಾನಿಗೆ ರೆಕ್ಕೆಗಳೇ ಇಲ್ಲ, ಬಿಚ್ಚಿಟ್ಟಿದ್ದಾನೆ. ಒಳಗೆ ಬರುವವರು ಬಾಗಿಲಲ್ಲಿಟ್ಟ ಬುಟ್ಟಿಯೊಳಗೆ ಫೋನ್ ಆರಿಸಿ ಹಾಕಬೇಕು, ಹಾಡುವವರದು ಮಾತ್ರ ಹೊರತು. ಪಂಚರಲ್ಲಿ ಒಬ್ಬ ಪಕ್ಕದ ಗಡಿಯಾರ ರಿಪೇರಿಯವನು. "ನಾನೇ ಒಂದು ಗೋಡೆ ಗಡಿಯಾರ ಕೊಟ್ಟಿದ್ದೆ ಸಾರ್," ಎಂದ ದಫೇದಾರನಿಗೆ. "ಟಿಕ್ ಅನ್ನುತ್ತೆ ಅಂತ ವಾಪಸ್ ತಂದುಕೊಟ್ಟ. ಗಡಿಯಾರ ಟಿಕ್ ಅನ್ನದೆ ಮಿಯಾಂವ್ ಅನ್ನುತ್ತಾ?"

ಬೇರೆ ದಿನವಾಗಿದ್ದರೆ ಇನ್ಸ್‌ಪೆಕ್ಟರ್ ನಗುತ್ತಿದ್ದರು. ಜೇಬಿನ ಫೋನ್ ಅಲುಗಿತು. ಆಸ್ಪತ್ರೆಯದೇ ಇರಬೇಕೆಂದು ತಟ್ಟನೆ ತೆಗೆದರು. ನೋಡಿದರೆ ಮಗಳು, ಊಟಕ್ಕೆ ಬರ್ತೀಯಾ ಅಂತ ಕೇಳಿದ್ದಳು.

ವಿದ್ಯುತ್ ಇಲಾಖೆಯ ಎಂಜಿನಿಯರು ವೇದಿಕೆಯ ಮೇಲಿದ್ದ ಗಿಟಾರಿನ ಆಂಪ್ಲಿಫೈಯರನ್ನು ಬಿಚ್ಚಿ, ಮೀಟರ್ ಹಿಡಿದು, ಪ್ಲಗ್ಗನ್ನೂ ಬಿಚ್ಚಿ ನೋಡಿದರು. ಎಲ್ಲ ಸರಿಯಾಗಿತ್ತು. ಮತ್ತೆ ಜೋಡಿಸಿ ಸ್ವಿಚ್ ಹಾಕಿದರು. ಪೆಟ್ಟಿಗೆ ಗುಂಯ್ ಎಂದು ಸದ್ದು ಮಾಡತೊಡಗಿತು.

"ಹಳೇ ಕಟ್ಟಡ, ವೈರಿಂಗ್ ಅಷ್ಟಕ್ಕಷ್ಟೆ," ಎಂದರು ಎಂಜಿನಿಯರು. "ಅರ್ತಿಂಗ್ ಇರೋ ಪೆಟ್ಟಿಗೆ ಇಲ್ಲಿ ಹೀಗೇ ಗುಂಯ್‌ಗುಡುತ್ತೆ. ಕಿವಿಗೆ ಹಿಂಸೆ, ಆದ್ರೆ ಜೀವಕ್ಕೆ ಮೋಸ ಇಲ್ಲ. ಇದರಿಂದ ಆ ಹುಡುಗಿಗೆ ಹೇಗೆ ಹೊಡೀತೋ ನನಗಂತೂ ಅರ್ಥ ಆಗ್ತಿಲ್ಲ."

ಮಾತು ಮುಗಿಯುತ್ತಲೇ ಒಂದು ಕೈ ಚಾಚಿ ಸ್ವಿಚ್ ಆರಿಸಿತು. ಉಶ್ಶಣ್ಣನ ಕೈ. ಆಮೇಲೆ ಗಾಬರಿಯಿಂದ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಿನ್ನೆ ಇದೇ ಪೆಟ್ಟಿಗೆ ಇತ್ತಾ?"

"ಹೂಂ."

"ಇನ್ನೊಂದು ಇದೆಯಾ?"

"ಇಲ್ಲ."

"ಅವಳು ಬಿದ್ದಾಗ ನೀವೆಲ್ಲಿದ್ರಿ?"

"ಹಿಂದೆ. ಸೌಂಡ್ ಮೇಜಿನ ಹತ್ತಿರ."

"ಮೇನ್ ಸ್ವಿಚ್ ಆ ಮೇಜಿನ ಪಕ್ಕದಲ್ಲೇ, ನಿಮ್ಮ ಕೈಯಳತೆಯಲ್ಲೇ ಇದೆ. ತಕ್ಷಣ ಯಾಕೆ ಆರಿಸಲಿಲ್ಲ?"

ಅವನು ನೆಲ ನೋಡಿದ. "ಗೊತ್ತಾಗ್ಲಿಲ್ಲ, ಮೇಡಂ."

ಪೆಟ್ಟಿಗೆ ಜಪ್ತಿಯಾಯಿತು, ಅರಗಿನ ಸೀಲು ಬಿತ್ತು, ಪಂಚರು ಸಹಿ ಹಾಕಿದರು. ಉಶ್ಶಣ್ಣ ಮತ್ತೆ ಆಸ್ಪತ್ರೆಗೇ ಹೊರಟುಹೋದ.

ಮಧ್ಯಾಹ್ನ ಅಕ್ಕ ಠಾಣೆಗೆ ತಂಗಿಯ ಫೋನ್ ತಂದುಕೊಟ್ಟಳು. ಹಾಡುವಾಗ ಅದನ್ನು ಎದುರಿಗೊಂದು ಕೋಲಿಗೆ ಸಿಕ್ಕಿಸಿ ತನ್ನನ್ನೇ ಚಿತ್ರೀಕರಿಸಿಕೊಳ್ಳುವುದು ಅವಳ ರೂಢಿ. ಶನಿವಾರದ್ದೂ ಅದರಲ್ಲಿತ್ತು.

"ನಾನು ನೋಡಿಲ್ಲ. ನನ್ನ ಕೈಲಾಗಲ್ಲ," ಎಂದಳು. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಳು. "ಮೇಡಂ, ಆ ಅಣ್ಣನನ್ನ ಜಾಸ್ತಿ ಗೋಳು ಹೊಯ್ಕೋಬೇಡಿ. ನಿನ್ನೆಯಿಂದ ಒಂದು ಲೋಟ ನೀರೂ ಕುಡಿದಿಲ್ಲ. ಒಡಹುಟ್ಟಿದೋನೂ ಹಾಗೆ ಕೂರಲ್ಲ."

ಇನ್ಸ್‌ಪೆಕ್ಟರಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೂ ಆ ಹುಡುಗಿಯ ದನಿ ಕೇಳಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಗುಟ್ಟು ಹೇಳುವಷ್ಟು ಮೆತ್ತಗಿನ ದನಿ. ಅದು ಕೇಳಿಸಲೆಂದು ತುಟಿಯನ್ನು ಮೈಕಿಗೆ ಒತ್ತಿಕೊಂಡೇ ಹಾಡುತ್ತಿದ್ದಳು.

"ಮೈಕನ್ನೇ ತಿಂದುಬಿಡ್ತಾಳೇನೋ," ಎಂದ ದಫೇದಾರ. ಅಂದಮೇಲೆ ಅವನಿಗೇ ಕೆಡುಕೆನಿಸಿತು.

*ಹೋಗುವಾಗ ಬಾಗಿಲು ಹಾಕಬೇಡ, ಬೀದಿದೀಪದ ಬೆಳಕು ಒಳಗೆ ಬರಲಿ* ಎಂದು ಹಾಡಿ ಅವಳು ನಿಂತಳು. ತುಟಿ ಮೈಕಿನ ಮೇಲೆ, ಬೆರಳು ತಂತಿಯ ಮೇಲೆ. ಕೋಣೆಯಲ್ಲಿ ಯಾರೂ ಮಿಸುಕಲಿಲ್ಲ. ಹಾಗೆ ಬಹಳ ಹೊತ್ತು ನಿಂತಿದ್ದು, ಆಮೇಲೆ ಗಿಟಾರಿನ ಸಮೇತ ಪಕ್ಕಕ್ಕೆ ವಾಲಿದಳು. ಆಗ ಕುರ್ಚಿಗಳು ಉರುಳಿದವು, ಯಾರೋ ಕಿರುಚಿದರು.

ಇನ್ಸ್‌ಪೆಕ್ಟರ್ ಇನ್ನೊಮ್ಮೆ ಹಾಕಿಸಿದರು, ಕಣ್ಣು ಮುಚ್ಚಿಕೊಂಡು ಕೇಳಿದರು. ಬಾಗಿಲ ಬಳಿ ಒಂದು ಕೆಮ್ಮು. ಮೇಲೆ ಅಂಗಡಿಯ ಶಟರ್ ಎಳೆದ ಸದ್ದು. ಹುಡುಗಿ ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು.

"ರೀ, ಬೆಳಿಗ್ಗೆ ಆ ಪೆಟ್ಟಿಗೆ ಗುಂಯ್ ಅಂತಿತ್ತಲ್ಲ. ಇದರಲ್ಲಿ ಎಲ್ಲಿದೆ ಅದು?"

ದಫೇದಾರ ಫೋನನ್ನು ಕಿವಿಗೊತ್ತಿಕೊಂಡ. "ಇಲ್ವಲ್ಲ, ಮೇಡಂ."

"ಟಿಕ್ ಅನ್ನೋ ಗಡಿಯಾರವನ್ನೇ ಓಡಿಸಿದೋನು ಆ ಗುಂಯ್ ಇಟ್ಟುಕೊಂಡು ಹಾಡು ನಡೆಸ್ತಾನಾ? ನಿನ್ನೆ ಅಲ್ಲಿದ್ದದ್ದು ಬೇರೆ ಪೆಟ್ಟಿಗೆ. ಜೀಪ್ ತೆಗೀರಿ."

ಆಸ್ಪತ್ರೆಯ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಉಶ್ಶಣ್ಣ ಮೊಣಕಾಲ ಮೇಲೆ ಮೊಣಕೈ ಊರಿ ಕೂತಿದ್ದ. ಗಂಟೆ ಐದೂಕಾಲು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು, ಏನೂ ಹೇಳದೆ ಫೋನನ್ನು ಅವನ ಕಿವಿಯ ಹತ್ತಿರ ಹಿಡಿದರು. ಎರಡನೇ ಸಾಲು ಬರುವಷ್ಟರಲ್ಲಿ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಆ ಪೆಟ್ಟಿಗೆ ಎಲ್ಲಿ?"

"ಮನೇಲಿ. ಮಂಚದ ಕೆಳಗೆ. ಅವಳನ್ನ ಆಂಬುಲೆನ್ಸಿಗೆ ಹಾಕಿದ ಮೇಲೆ ಬದಲಾಯಿಸಿ, ಮನೇಲಿಟ್ಟು ಇಲ್ಲಿಗೆ ಬಂದೆ."

"ಅದರಲ್ಲೇನಿದೆ?"

"ಏನಿಲ್ಲ ಅಂತ ಕೇಳಿ, ಮೇಡಂ. ಅರ್ತಿಂಗ್ ತಂತಿ ಇಲ್ಲ. ಪ್ಲಗ್ ಒಳಗೆ ನಾನೇ ಕತ್ತರಿಸಿದ್ದೆ. ಕತ್ತರಿಸಿದ್ರೆ ಗುಂಯ್ ಅನ್ನೋದು ನಿಲ್ಲುತ್ತೆ. ನಮ್ಮಲ್ಲಿ ಹಲವರು ಮಾಡ್ತಾರೆ. ಪೆಟ್ಟಿಗೆ ಒಳಗೆ ಇನ್ನೊಂದು ತಂತಿ ಸವೆದಿತ್ತು ಅಂತ ನನಗೆ ಗೊತ್ತಿರ್ಲಿಲ್ಲ. ಅದರ ಕರೆಂಟು ಗಿಟಾರಿಗೆ ಬಂದು, ಅವಳ ಮೈಯಿಂದ ಮೈಕಿಗೆ ಇಳಿದಿದೆ."

"ಮನೆಗೆ ಫೋನ್ ಮಾಡಿ. ಅದನ್ನ ಯಾರೂ ಮುಟ್ಟಬಾರದು ಅಂತ ಹೇಳಿ."

ಅವನು ಸ್ಪೀಕರ್ ಹಾಕಿದ. ಹೆಂಡತಿಯ ದನಿ ಆರಾಮಾಗಿತ್ತು. "ಮಂಚದ ಕೆಳಗಿಂದಾ? ಅದನ್ನ ಗೊಗ್ಗರ ಬಂದು ತಗೊಂಡು ಹೋದನಲ್ಲ, ನಾಲ್ಕು ಗಂಟೇಲೇ. ಅವನದು ಕೆಟ್ಟಿದೆಯಂತೆ, ಈವತ್ತು ಲಾಂಡ್ರಿ ಹಿಂದಿನ ಹಾಲ್‌ನಲ್ಲಿ ಹಾಡಬೇಕಂತೆ. ಹಾಡೋರು ಕೇಳಿದ್ರೆ ಇಲ್ಲ ಅನ್ನಬಾರದು ಅಂತ ನೀವೇ ತಾನೆ ಹೇಳೋದು?"

ಉಶ್ಶಣ್ಣ ತಟ್ಟನೆ ಎದ್ದುನಿಂತ. ಗೊಗ್ಗರ ಶಾಲಾ ವ್ಯಾನಿನ ಡ್ರೈವರು. ಗೊಗ್ಗರು ದನಿಯವನಾದ್ದರಿಂದ ಆ ಹೆಸರು. ತನ್ನ ಇಬ್ಬರು ಮಕ್ಕಳ ಮೇಲೆ ತಾನೇ ಕಟ್ಟಿದ ಹಾಡುಗಳನ್ನು ಹಾಡುತ್ತಿದ್ದ. ಕಾರ್ಯಕ್ರಮ ಶುರುವಾಗುವುದು ಆರಕ್ಕೆ. ಅವನ ಫೋನ್ ಆರಿತ್ತು. ಲಾಂಡ್ರಿಯದೂ ರಿಂಗಾಗಿ ರಿಂಗಾಗಿ ನಿಂತಿತು.

"ಅಲ್ಲೂ ಫೋನ್ ಬುಟ್ಟಿ ಇದೆ, ಮೇಡಂ. ಅಲ್ಲಿ ಹಾಡೋರದೂ ಅದರೊಳಗೇ," ಎಂದ ಉಶ್ಶಣ್ಣ. "ನಾನೇ ಇಡಿಸಿದ್ದು."

ಆ ಭಾಗದ ಠಾಣೆಗೆ ವೈರ್‌ಲೆಸ್ಸಿನಲ್ಲಿ ಸುದ್ದಿ ಹೋಯಿತು. ಅವರ ಜೀಪು ಊರಿನ ಇನ್ನೊಂದು ತುದಿಯಲ್ಲಿತ್ತು. ಇವರದು ಸೇತುವೆ ಹತ್ತಿರ ಸಿಕ್ಕಿಬಿತ್ತು. ಸೈರನ್ ಹಾಕಿದರೂ ಮುಂದಿನ ಲಾರಿಗೆ ಸರಿಯಲು ಜಾಗವಿರಲಿಲ್ಲ. ಹಿಂದಿನ ಸೀಟಿನಲ್ಲಿ ಉಶ್ಶಣ್ಣ ಒಂದೇ ಸಮನೆ ಬಡಬಡಿಸುತ್ತಿದ್ದ. "ಅವನು ಮೈಕಿಗೆ ತುಟಿ ಹಚ್ಚಲ್ಲ ಮೇಡಂ, ದೂರ ನಿಂತು ಹಾಡ್ತಾನೆ. ದೂರಾನೇ ನಿಲ್ತಾನೆ. ಆದ್ರೆ ಶುರು ಮಾಡೋಕೆ ಮುಂಚೆ ಕೈಯಲ್ಲಿ ಹಿಡಿದು ಎತ್ತರ ಸರಿಮಾಡ್ಕೋತಾನೆ. ಇನ್ನೊಂದು ಕೈ ತಂತಿ ಮೇಲಿದ್ರೆ..."

"ಬಾಯಿ ಮುಚ್ರೀ," ಎಂದರು ಇನ್ಸ್‌ಪೆಕ್ಟರ್. ಅಂಥ ಮಾತು ಅವರ ಬಾಯಲ್ಲಿ ಬರುವುದೇ ಅಪರೂಪ. ಆರು ದಾಟಿ ಏಳು ನಿಮಿಷವಾಗಿತ್ತು.

ಲಾಂಡ್ರಿಯ ಹಿಂದಿನ ಬಾಗಿಲಲ್ಲಿ ಜೀಪು ಪೂರ್ತಿ ನಿಲ್ಲುವ ಮೊದಲೇ ಉಶ್ಶಣ್ಣ ಹಾರಿ ಒಳಗೆ ನುಗ್ಗಿದ. ದಫೇದಾರ ಅವನ ಹಿಂದೆ ಓಡಿದ. ಹಾಲ್ ಭರ್ತಿಯಾಗಿತ್ತು. ವೇದಿಕೆಯ ಮೇಲೆ ಗೊಗ್ಗರ ಗಿಟಾರ್ ಕೊರಳಿಗೆ ಹಾಕಿಕೊಂಡು ಏನೋ ತಮಾಷೆ ಹೇಳಿ ಮುಗಿಸಿದ್ದ. ಎಡಗೈ ತಂತಿಗಳ ಮೇಲಿತ್ತು. ಬಲಗೈ ಮೈಕಿನತ್ತ ಚಾಚಿತು.

"ಮುಟ್ಟಬೇಡ!" ಎಂದು ಉಶ್ಶಣ್ಣ ಕಿರುಚಿದ. "ಮೈಕ್ ಮುಟ್ಟಬೇಡ ಕಣೋ!"

ಇಡೀ ಸಭೆ ಹಿಂದಕ್ಕೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, "ಉಶ್!" ಎಂದಿತು. ಅವನಿಂದಲೇ ಕಲಿತ ಜನ. ಗೊಗ್ಗರ ನಕ್ಕ. ಗೆಳೆಯ ಏನೋ ಕೀಟಲೆ ಮಾಡುತ್ತಿದ್ದಾನೆಂದುಕೊಂಡು ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದ.

ಇನ್ಸ್‌ಪೆಕ್ಟರ್ ಜನರ ಕಡೆ ನೋಡಲೇ ಇಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಮೇನ್ ಸ್ವಿಚ್ಚಿನ ಹಿಡಿಗೆ ಎರಡೂ ಕೈಯಲ್ಲಿ ಜೋತುಬಿದ್ದರು. ಅದು ಕಚಕ್ಕೆಂದು ಕೆಳಗಿಳಿಯಿತು. ಹಾಲ್ ಕತ್ತಲಾಯಿತು.

"ಏನಾಯ್ತ್ರಪ್ಪಾ?" ಎಂದಿತು ಕತ್ತಲಲ್ಲಿ ಗೊಗ್ಗರು ದನಿ.

ಅಷ್ಟು ಒರಟು ದನಿ ಕಿವಿಗೆ ಅಷ್ಟು ಹಿತವಾಗಿದ್ದು ಇನ್ಸ್‌ಪೆಕ್ಟರಿಗೆ ಅದೇ ಮೊದಲು. ಅವರು ಅಲ್ಲೇ ಗೋಡೆಗೊರಗಿ ನಿಂತರು.

ಟಾರ್ಚಿನ ಬೆಳಕಿನಲ್ಲಿ ಇಬ್ಬರು ಪಂಚರ ಎದುರು ಪ್ಲಗ್ ಬಿಚ್ಚಲಾಯಿತು. ಅರ್ತಿಂಗಿನ ಹಸಿರು ತಂತಿಯ ತುದಿಯನ್ನು ಅಚ್ಚುಕಟ್ಟಾಗಿ ಕತ್ತರಿಸಿ, ಮಡಚಿ, ಟೇಪು ಸುತ್ತಿಟ್ಟಿತ್ತು. ಸಂಜೆ ಆರೂ ಮುಕ್ಕಾಲಿಗೆ ದಸ್ತಗಿರಿ. ಅಜಾಗರೂಕತೆಯ ಜೊತೆಗೆ ಸಾಕ್ಷ್ಯ ಮರೆಮಾಚಿದ ಆರೋಪವೂ ಸೇರಿತು. ಉಶ್ಶಣ್ಣ ಕೈ ತಾನಾಗೇ ಮುಂದೆ ಚಾಚಿದ.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಳ್ಳುವಾಗ ಇನ್ಸ್‌ಪೆಕ್ಟರ್ ಕೇಳಿದರು. "ಪೆಟ್ಟಿಗೆ ಯಾಕೆ ಬಚ್ಚಿಟ್ರಿ?"

"ಕೋಣೆ ಮುಚ್ಚಿಸ್ತಾರೆ ಅಂತ. ಅದು ಬಿಟ್ರೆ ನನಗೆ ಬೇರೇನೂ ಗೊತ್ತಿಲ್ಲ, ಮೇಡಂ. ಒಂದು ಕಾಲದಲ್ಲಿ ನಾನೂ ಹಾಡ್ತಿದ್ದೆ. ಹೋಟೆಲುಗಳಲ್ಲಿ. ತಟ್ಟೆ ಲೋಟದ ಗಲಾಟೇಲಿ ಒಬ್ಬರೂ ಕೇಳಿಸ್ಕೊಳ್ಳಲಿಲ್ಲ. ಇವರಿಗೆ ಹಾಗಾಗಬಾರದು ಅಂತ ಆ ಕೋಣೆ ಮಾಡಿದೆ."

"ಬೆಳಿಗ್ಗೆ ಒಂದು ಪ್ರಶ್ನೆ ಕೇಳಿದ್ದೆ. ಗೊತ್ತಾಗ್ಲಿಲ್ಲ ಅಂದ್ರಿ, ಅಷ್ಟೆ. ಸ್ವಿಚ್ ಯಾಕೆ ಆರಿಸಲಿಲ್ಲ?"

ಬರೆಯುವ ಪೇದೆ ಪೆನ್ನು ಎತ್ತಿ ಕಾದ.

"ಆ ಹಾಡಲ್ಲಿ, ಬಾಗಿಲು ಹಾಕಬೇಡ ಅಂದಮೇಲೆ, ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಲ್ತಾಳೆ. ಪ್ರತಿ ಸಲವೂ. ಆ ಸುಮ್ಮನೆ ಅನ್ನೋದು ಚೆನ್ನಾಗಿ ಕೇಳಲಿ ಅಂತಲೇ ನಾನು ತಂತಿ ಕತ್ತರಿಸಿದ್ದು. ನಿನ್ನೆ ಅವಳು ನಿಂತಳು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇಷ್ಟು ಉದ್ದ ಯಾವತ್ತೂ ನಿಂತಿರಲಿಲ್ಲ, ಈವತ್ತು ಎಷ್ಟು ಚೆನ್ನಾಗಿ ಬಂತು ಅಂದ್ಕೊಂಡೆ, ಮೇಡಂ. ಅವಳು ಅಲ್ಲಿ ಸಾಯ್ತಾ ಇದ್ಲು."

ಬರೆಯುವ ಪೇದೆ ಕೊನೆಯ ವಾಕ್ಯ ಬರೆಯಲಿಲ್ಲ. ಇನ್ಸ್‌ಪೆಕ್ಟರೂ ಬರೆಯಿರಿ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು. ಇನ್ಸ್‌ಪೆಕ್ಟರ್ ಎದ್ದುನಿಂತೇ ಎತ್ತಿಕೊಂಡರು. ಆಕೆ ಅಳುತ್ತಿದ್ದಳು, ಮೊದಲಿಗೆ ಏನೂ ತಿಳಿಯಲಿಲ್ಲ.

"ಕಣ್ಣು ಬಿಟ್ಟಳು, ಮೇಡಂ. ನನ್ನ ಕೊರಳಲ್ಲಿ ಟೇಪು ನೋಡಿ ನಕ್ಕಳು. ಬೆರಳಿನದು ಈಗಲೇ ಹೇಳೋಕಾಗಲ್ಲ ಅಂತಾರೆ ಡಾಕ್ಟರು. ಇರ್ಲಿ ಬಿಡಿ. ನಕ್ಕಳಲ್ಲ." ಆಮೇಲೆ ಕೇಳಿದಳು. "ಆ ಅಣ್ಣನಿಗೆ ಹೇಳ್ತೀರಾ?"

ಬರೆಯುವ ಪೇದೆ ಆ ಖಾಲಿ ಜಾಗದ ಮೇಲೆ ಅಡ್ಡಗೆರೆ ಎಳೆದ. ಲಾಕಪ್ಪಿನ ಸರಳುಗಳ ಬಳಿ ಹೋಗಿ ಸುದ್ದಿ ಹೇಳಿದವನು ದಫೇದಾರ. ಉಶ್ಶಣ್ಣ ಗೋಡೆಗೆ ತಲೆಯಾನಿಸಿ, ಬಾಯಿಗೆ ಕೈ ಒತ್ತಿಕೊಂಡು ಸದ್ದಿಲ್ಲದೆ ಅತ್ತ. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅಲ್ಲಿಯ ಫ್ಯಾನ್ ತಿರುಗಿದರೆ ಕಟಕಟ ಎಂದು ಇಡೀ ಠಾಣೆಗೆ ಕೇಳಿಸುತ್ತಿತ್ತು. ಪಾಪ, ಇವನಿಗೆ ಸದ್ದಾದರೆ ಆಗದು ಎಂದು ದಫೇದಾರನೇ ರಾತ್ರಿ ಅದನ್ನು ಆರಿಸಿದ್ದ.

"ಸೆಕೆ ಆಗ್ತಿದೆಯೇನಪ್ಪಾ? ಫ್ಯಾನ್ ಹಾಕಲಾ? ಸದ್ದು ಮಾಡುತ್ತೆ, ಮತ್ತೆ."

"ಹಾಕಿ ಸಾರ್," ಎಂದ ಉಶ್ಶಣ್ಣ. "ಸದ್ದು ಇರ್ಲಿ."