ಕಾರ್ಕಳದ ಪೆಟ್ಟಿಗೆ ಮಲಗಿರಲಿಲ್ಲ

ಆಯುಧ ಪೂಜೆಯ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಉದ್ಯಾವರದ ಮನೋರಮಾ ಕಾಪು ಠಾಣೆಗೆ ಓಡಿಬಂದಳು. ಎಸ್‌ಐ ತಾರಾನಾಥ ಆಗಷ್ಟೇ ಬಂದಿದ್ದರು. ಮೊದಲು ಅವರ ಹೊಟ್ಟೆ ಬರುವುದು, ಒಂದು ಚಹಾ ಮುಗಿಯುವಷ್ಟರಲ್ಲಿ ಅವರು ಬರುವುದು ಅಲ್ಲಿಯ ವಾಡಿಕೆ. ಆ ಹೆಂಗಸಿನ ಮುಖ ನೋಡಿ ಹೊಟ್ಟೆಯೂ ಒಳಗೆ ಸರಿಯಿತು.

"ಸರ್, ನನ್ನ ಗಂಡನ ಬೋಟು ಕಾಣುದಿಲ್ಲ."

ಗಂಡ ವಿಠಲ ಮಲ್ಪೆಯ ಮೀನಿನ ಬೋಟೊಂದನ್ನು ನಡೆಸುವ ತಂಡೇಲ. ಜೊತೆಗೆ ಆರು ಜನ. ನಿನ್ನೆಯಿಂದ ಸಮುದ್ರದಲ್ಲಿ ಗಾಳಿ ಎದ್ದಿತ್ತು, ಫೋನು ಸತ್ತಿತ್ತು. ಬೋಟುಗಳು ಎಲ್ಲಿವೆ ಎಂದು ನಿಗಾ ಇಡುವ ಖಾಸಗಿ ಕಂಪನಿಯೊಂದು ಉದ್ಯಾವರದಲ್ಲಿತ್ತು. ಅವಳು ಅಲ್ಲಿಗೂ ಹೋಗಿ ಬಂದಿದ್ದಳು.

"ಎಂತ ಹೇಳಿದ್ರು?"

"ನಿನ್ನೆಯದ್ದು ಎಲ್ಲ ಅಳಿಸಿ ಹೋಯ್ತಂತೆ. ಸಮುದ್ರಕ್ಕೆ ಹೋದ ಗಂಡಸು ಅಳಿಸಿ ಹೋಗುದುಂಟಾ ಸರ್?"

ತಾರಾನಾಥ ಕೋಸ್ಟ್ ಗಾರ್ಡಿಗೆ ಫೋನ್ ಮಾಡಿದರು. ಯಾವ ದಿಕ್ಕಿನಲ್ಲಿ ಹುಡುಕುವುದು ಎಂದು ಅವರು ಕೇಳಿದರು. ಅದು ಕಂಪನಿಯಲ್ಲೇ ಸಿಗಬೇಕಿತ್ತು. ಎಫ್‌ಐಆರ್ ದಾಖಲಾಯಿತು.

ಕಂಪನಿಯ ಸರ್ವರ್ ಕೋಣೆ ಎಷ್ಟು ತಣ್ಣಗಿತ್ತೆಂದರೆ, ಮಲ್ಪೆಯ ಐಸ್ ಪ್ಲಾಂಟೇ ಬಂದರೂ ಕಂಬಳಿ ಕೇಳಬೇಕು. ಆ ಚಳಿಯಲ್ಲೂ ಸರ್ವರ್ ನೋಡಿಕೊಳ್ಳುವ ಲಕ್ಷಿತ್ ಬೆವರುತ್ತಿದ್ದ.

"ನಿನ್ನೆಯ ಲಾಗ್ ಎಲ್ಲಿ?" ತಾರಾನಾಥ ಕೇಳಿದರು. ಯಂತ್ರ ತನಗೆ ಬಂದದ್ದು, ತಾನು ಮಾಡಿದ್ದು ಎಲ್ಲವನ್ನೂ ಸಾಲುಸಾಲಾಗಿ ಬರೆದಿಡುವುದೇ ಲಾಗ್.

"ಡಿಸ್ಕ್ ತುಂಬಿತ್ತು ಸರ್. ಹಳೆಯದ್ದು ತೆಗೆಯುವಾಗ ಹೊಸದೂ ಹೋಯಿತು."

"ಬೇರೆ ಕಡೆ ನಕಲು ಇಲ್ವಾ?" ಕಾನ್‌ಸ್ಟೆಬಲ್ ಲವೀನಾ ಕೇಳಿದಳು.

"ಬರೆದ ಕೂಡಲೇ ಕಾರ್ಕಳದ ಬ್ರಾಂಚಿಗೆ ಹೋಗ್ತದೆ ಮೇಡಂ. ಆದರೆ ನಿನ್ನೆ ಪೂಜೆಗೆ ಅಲ್ಲಿಯ ಕಂಪ್ಯೂಟರನ್ನು ಆಫ್ ಮಾಡಿದ್ದರು."

ಅದು ಹೌದು. ಆಯುಧ ಪೂಜೆಗೆ ಈ ಊರಿನಲ್ಲಿ ಮಿಕ್ಸಿಗೂ ರಜೆ. ಬೋಟುಗಳು ಕಡಲಲ್ಲಿ ಇರುವುದರಿಂದ ಉದ್ಯಾವರದ ಸರ್ವರ್‌ಗೆ ಮಾತ್ರ ರಜೆಯಿಲ್ಲ, ಬರೀ ಕುಂಕುಮ.

"ಆಫ್ ಆದದ್ದು ನಿಮಗೆ ಹೇಗೆ ಗೊತ್ತು?"

"ಫೋನ್ ಮಾಡಿ ಕೇಳಿದ್ದೆ."

"ಯಾಕೆ ಕೇಳಿದ್ದು?"

ಲಕ್ಷಿತ್ ಪರದೆಯ ಕಡೆ ಮುಖ ತಿರುಗಿಸಿದ.

ಅವನ ಬಳಿ ಒಬ್ಬ ಪೇದೆಯನ್ನು ನಿಲ್ಲಿಸಿ ಜೀಪು ಕಾರ್ಕಳಕ್ಕೆ ಹೊರಟಿತು. ಮನೋರಮಾ ಇಳಿಯಲೊಪ್ಪದೆ ಹಿಂದೆ ಕೂತಿದ್ದಳು. ದಾರಿಯ ತೆಂಗಿನ ಮರಗಳು ಗಾಳಿಗೆ ನೆಲ ಗುಡಿಸುವಂತೆ ಬಾಗಿದಾಗಲೆಲ್ಲ ಅವಳು ಲವೀನಾಳ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು.

ಬ್ರಾಂಚಿನ ಮ್ಯಾನೇಜರ್ ಶೇಖರ ಪಂಚಕಜ್ಜಾಯದ ತಟ್ಟೆ ಹಿಡಿದೇ ಬಾಗಿಲಿಗೆ ಬಂದ. "ನಾನೇ ಆಫ್ ಮಾಡಿದ್ದು ಸರ್. ನೋಡಿ, ಕಪ್ಪು!"

ಮೇಜಿನ ಮೇಲಿನ ಪರದೆಗೆ ಮದುಮಗನಿಗೂ ಸಿಗದಷ್ಟು ದಪ್ಪ ಸೇವಂತಿಗೆ ಮಾಲೆ. ಲವೀನಾ ಬಗ್ಗಿ ಮೇಜಿನ ಕೆಳಗೆ ಕೈಹಾಕಿದಳು. ಬಾಳೆಗೊನೆಯ ಹಿಂದಿದ್ದ ಪೆಟ್ಟಿಗೆ ಬಿಸಿಯಾಗಿತ್ತು. ಹಸಿರು ದೀಪ ಮಿನುಗುತ್ತಿತ್ತು.

"ಶೇಖರಣ್ಣ, ನೀವು ಆಫ್ ಮಾಡಿದ್ದು ಬರೀ ಈ ಟಿವಿಯಂಥ ಪರದೆ."

"ಹಾಗಾದ್ರೆ ಇದು?"

"ಇದೇ ಕಂಪ್ಯೂಟರ್ ಮಾರಾಯ್ರೆ!"

ಪಕ್ಕದ ಹೋಟೆಲಿನಿಂದ ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಶುರುಮಾಡಿದರು. ಮಾಲೆ ತೆಗೆದು ಪರದೆ ಆನ್ ಮಾಡಿದಾಗ ಸಾಲುಗಳು ಓಡಿಬಂದವು. ನಿನ್ನೆ ಬೆಳಿಗ್ಗೆ ವಿಠಲನ ಬೋಟಿನಿಂದ ಅಪಾಯದ ಕರೆ ಬಂದಿತ್ತು. ಬೋಟು ಇದ್ದ ಜಾಗವೂ ಅದರಲ್ಲಿತ್ತು. ಮಧ್ಯಾಹ್ನ ಲಕ್ಷಿತ್ ಅದನ್ನು ತೆರೆದು ನೋಡಿದ್ದ. ಆಮೇಲೆ ಇಡೀ ದಿನದ ಲಾಗ್ ಅಳಿಸಿದ್ದ. ಅಳಿಸಿದ್ದೂ ಒಂದು ಸಾಲಾಗಿ ಇಲ್ಲಿಗೆ ಬಂದು ಕೂತಿತ್ತು.

ತಾರಾನಾಥ ಜಾಗದ ಅಂಕಿಗಳನ್ನು ಕೋಸ್ಟ್ ಗಾರ್ಡಿಗೆ ಓದಿ ಹೇಳಿದರು.

"ಬದುಕಿರ್ತಾರಾ ಸರ್?" ಎಂದಳು ಮನೋರಮಾ.

"ಕೂತ್ಕೊಳ್ಳಿ ಅಕ್ಕ."

ಅವಳು ಕೂರಲಿಲ್ಲ. ಪಂಚಕಜ್ಜಾಯವನ್ನು ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಫೋನು ಬಂತು. ಮಗುಚಿದ ಬೋಟನ್ನು ತಬ್ಬಿಕೊಂಡು ಏಳೂ ಜನ ಸಿಕ್ಕಿದ್ದರು. ವಿಠಲನಿಗೆ ಮಾತು ಹೊರಡುತ್ತಿರಲಿಲ್ಲ, ಉಸಿರಿತ್ತು. ಮನೋರಮಾ ಆಗ ಕೂತಳು.

ಸಂಜೆ ಉದ್ಯಾವರಕ್ಕೆ ಮರಳಿ ಲಕ್ಷಿತ್‌ನನ್ನು ಬಂಧಿಸಿದರು. ಅವನು ಮೊದಲು ಕೇಳಿದ್ದು, "ಸಿಕ್ಕಿದ್ರಾ?"

"ನಿನ್ನೆಯೇ ಸಿಗ್ತಿದ್ರು. ಯಾಕೆ ಅಳಿಸಿದೆ?" ಎಂದರು ತಾರಾನಾಥ.

ಅಪಾಯದ ಕರೆ ಬಂದರೆ ಬಡಿಯುವ ಅಲಾರಂ ಕಳೆದ ತಿಂಗಳು ಸುಳ್ಳೇ ಬಡಿದು, ಬೋಟುಗಳೆಲ್ಲ ಮೀನು ಬಿಟ್ಟು ಓಡಿ ಬಂದಿದ್ದವು. ಬಂದರಿನಲ್ಲಿ ಎಲ್ಲರೆದುರು ಕಂಪನಿಯ ಧಣಿ ಅವನಿಗೆ ಬೈದಿದ್ದರು. ಅಂದಿನಿಂದ ಅವನು ಅಲಾರಂನ ಸದ್ದು ನಿಲ್ಲಿಸಿಟ್ಟಿದ್ದ. ನಿನ್ನೆ ಕರೆ ಕಾಣುವಾಗ ಹೊತ್ತು ಮೀರಿತ್ತು.

"ಇನ್ನೊಮ್ಮೆ ಬೈಸಿಕೊಳ್ಳಲಿಕ್ಕೆ ಹೆದರಿಕೆ ಆಯ್ತು ಸರ್."

ಹೊರಡುವ ಮುಂಚೆ ಲವೀನಾ ಸದ್ದನ್ನು ಮತ್ತೆ ಹಾಕಿಸಿ ಒಮ್ಮೆ ಬಡಿಸಿ ನೋಡಿದಳು. ಉದ್ಯಾವರದ ಹೆಂಚುಗಳೆಲ್ಲ ಹಾರುವಷ್ಟು ಜೋರಾಗಿ ಅಲಾರಂ ಕೂಗಿತು. ಲಕ್ಷಿತ್ ತಲೆ ತಗ್ಗಿಸಿ, ಭುಜ ಕುಗ್ಗಿಸಿ, ಕಣ್ಣು ಮುಚ್ಚಿ ನಿಂತ.

ಯಾರೂ ಬೈಯಲಿಲ್ಲ.